ಐದಕ್ಕೆ ಐದು ಎಲೆ

"ಲೀಟರಿಗೆ ಇಪ್ಪತ್ತೆಂಟು ಕಿಲೋಮೀಟರ್ ಓಡಿಸದಿದ್ರೆ ಭೌತಶಾಸ್ತ್ರ ಕಲಿಸೋದನ್ನೇ ಬಿಡ್ತೀನಿ!" ಹೊಸ ಹೈಬ್ರಿಡ್ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ಮೇಷ್ಟ್ರು ಘೋಷಿಸಿದರು. ಸ್ವಲ್ಪ ಪೆಟ್ರೋಲಿನಲ್ಲಿ, ಸ್ವಲ್ಪ ಬ್ಯಾಟರಿಯಲ್ಲಿ ಓಡುವ ಕಾರು ಅದು. ಆಫ್ ಮಾಡಿದಾಗಲೆಲ್ಲ ಮಿತವ್ಯಯಕ್ಕೆ ತಕ್ಕಂತೆ ಪರದೆಯ ಮೇಲೆ ಹಸಿರೆಲೆಗಳ ಅಂಕ ಕೊಡುತ್ತಿತ್ತು. ಐದಕ್ಕೆ ಐದು ಬಂದರೆ ವಿಜಯಗೀತೆಯೂ ಉಂಟು! ಜನ್ಮವಿಡೀ ಊರ ಮಕ್ಕಳಿಗೆ ಅಂಕ ಹಂಚಿದ ಮೇಷ್ಟ್ರಿಗೆ ಕಾರು ಮೂರರ ಮೇಲೆ ಒಂದೆಲೆಯನ್ನೂ ದಯಪಾಲಿಸಲಿಲ್ಲ.

ಆ ಕಾರಿಗೆ ಇದ್ದ ಮುಖ್ಯ ಕೆಲಸ ಮಾವನವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು. ಮೇಷ್ಟ್ರು ಟೈರಿಗೆ ಗಾಳಿ ಅಳೆದು ತುಂಬಿಸಿದರು. ಎ.ಸಿ. ಆರಿಸಿದರು. ಸಿಗ್ನಲ್ ಇನ್ನೂ ದೂರವಿರುವಾಗಲೇ ವೇಗ ಇಳಿಸಿ ಹಿಂದಿನ ಗಾಡಿಯವರಿಂದ ಬೈಸಿಕೊಂಡರು.

"ರೀ, ಹಿಂದೆ ಅಪ್ಪ ಬೇಯ್ತಿದಾರೆ!" ಹೆಂಡತಿ ಗದರಿದಳು.

"ಇರ್ಲಿ ಬಿಡಮ್ಮಾ, ಅಳಿಯಂದ್ರು ಪರೀಕ್ಷೆ ಬರೀತಿದಾರೆ," ಮಾವ ಬೆವರೊರೆಸಿಕೊಂಡು ನಕ್ಕರು. "ಹೇಗಾದ್ರೂ ಪಾಸು ಮಾಡ್ಸೋಣ."

ಒಂದು ಸಂಜೆ ಮೇಷ್ಟ್ರಿಗೆ ಎಲೆ ಕದಿಯುತ್ತಿದ್ದ ಕಳ್ಳ ಸಿಕ್ಕಿಬಿದ್ದ! ಹಿಂದಿನ ಸೀಟಿನ ಬದಿಯ ಜಾಲರಿಯೊಳಗೆ ಪುಟ್ಟ ಫ್ಯಾನೊಂದು ಗುಂಯ್‌ಗುಡುತ್ತಿತ್ತು. ಗಾಳಿ ಸಿಗದಿದ್ದರೆ ಫ್ಯಾನಿಗೆ ಹೊರೆ ಕಡಿಮೆ, ಹೊರೆ ಕಡಿಮೆಯಾದರೆ ಖರ್ಚೂ ಕಡಿಮೆ. ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಜಾಲರಿಗೆ ಟವೆಲ್ ತುರುಕಿದರು. ಆ ಗಾಳಿ ಇರುವುದೇ ಬ್ಯಾಟರಿಯನ್ನು ತಂಪಾಗಿಡಲಿಕ್ಕೆ ಎಂಬುದೊಂದು ಮಾತ್ರ ಹೊಳೆಯಲಿಲ್ಲ.

ಮರುದಿನ, ಆಸ್ಪತ್ರೆಯ ದಾರಿಯಲ್ಲಿ, ಮೇಲ್ಸೇತುವೆಯ ನೆತ್ತಿಯ ಮೇಲೆ ಬ್ಯಾಟರಿ ಕಾದು ಕೆಂಪು ದೀಪ ಹೊತ್ತಿತು. ಕಾರು ಒಮ್ಮೆ ನರಳಿ ನಿಂತಿತು. ಉರಿಬಿಸಿಲು. ಹಿಂದೆ ಹಾರ್ನುಗಳ ಮಹಾಮೇಳ!

"ಈಗ ಒಂದು ತೊಟ್ಟು ಪೆಟ್ರೋಲೂ ಖರ್ಚಾಗ್ತಿಲ್ಲ ಅಳಿಯಂದ್ರೇ," ಮಾವ ಏದುಸಿರಿನ ನಡುವೆಯೇ ಹೇಳಿದರು. "ಖುಷಿನಾ?"

ಬಾಡಿಗೆ ಗಾಡಿ ಹಿಡಿದು ಮುಟ್ಟುವಷ್ಟರಲ್ಲಿ ಅವರ ಸರದಿ ಬೇರೆಯವರಿಗೆ ಹೋಗಿತ್ತು. ಚಿಕಿತ್ಸೆ ಮರುದಿನಕ್ಕೆ ಬಿತ್ತು. ಕಾರಿಗೆ ಮರಳಿದಾಗ ಹೆಂಡತಿ ಜಾಲರಿಯಿಂದ ಟವೆಲ್ ಎಳೆದು ಗಂಡನ ಮಡಿಲಿಗೆ ಹಾಕಿದಳು. ಅಷ್ಟೇ. ಅಂದಿನಿಂದ ಅವರೊಡನೆ ಮಾತಿಲ್ಲ.

ಮುಂದಿನ ತಿಂಗಳು ಮಾವ ತೀರಿಕೊಂಡರು. "ಹೃದಯ ಮೊದಲೇ ಸೋತಿತ್ತು. ಆ ಒಂದು ದಿನದಿಂದ ಏನೂ ಆಗಿದ್ದಲ್ಲ," ಎಂದರು ಡಾಕ್ಟರು. ಹೆಂಡತಿ ತಲೆಯಾಡಿಸಿದಳು. ಗಂಡನೊಡನೆ ಮಾತು ಮಾತ್ರ ಮರಳಲಿಲ್ಲ. ಬಾಯಿಪಾಠ ಮಾಡಿಕೊಂಡಿದ್ದ ಕ್ಷಮೆಯಾಚನೆಯನ್ನು ಮೇಷ್ಟ್ರು ಆ ಟವೆಲಿನ ದಿನದಿಂದಲೂ ನಾಲಗೆಯ ತುದಿಯವರೆಗೆ ತಂದು ನುಂಗುತ್ತಿದ್ದರು.

ಶವವಾಹನ ಮುಂದೆ, ಮೇಷ್ಟ್ರ ಕಾರು ಹಿಂದೆ. ನಡೆದು ಬರುವವರಿಗಾಗಿ ಶವವಾಹನ ತೆವಳುತ್ತಿತ್ತು. ಕಾರೂ ಬ್ಯಾಟರಿಯಲ್ಲೇ ಸದ್ದಿಲ್ಲದೆ ತೆವಳಿತು. ಆ ಹೊತ್ತಿನಲ್ಲಿ ಎ.ಸಿ. ಹಾಕಲು ಮೇಷ್ಟ್ರಿಗೆ ಕೈಬರಲಿಲ್ಲ. ಪಕ್ಕದಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಸ್ಮಶಾನದ ಗೇಟಿನಲ್ಲಿ ಕಾರು ಆಫ್ ಮಾಡಿದರು.

ಪರದೆಯ ಮೇಲೆ ಒಂದು ಎಲೆ ಅರಳಿತು. ಎರಡು. ಮೂರು. ನಾಲ್ಕು. ಐದು! 'ಅದ್ಭುತ ಚಾಲನೆ!' ಎಂಬ ಅಕ್ಷರಗಳು ಮಿನುಗಿ ವಿಜಯಗೀತೆ ಮೊಳಗಿತು. ಹೆಗಲು ಕೊಡಲು ಬಂದವರೆಲ್ಲ ತಿರುಗಿ ನೋಡಿದರು. ಮೇಷ್ಟ್ರು ಸಿಕ್ಕ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದರು. ವೈಪರ್ ಆಡಿತು, ಗೀತೆ ನಿಲ್ಲಲಿಲ್ಲ!

ಹೆಂಡತಿಯ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದುಕೊಂಡರು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಕೊನೆಗೂ ಪಾಸು ಮಾಡಿಸಿದ್ರಲ್ರೀ ಅಪ್ಪ," ಎಂದಳು ಸೆರಗಿನಿಂದ ಮುಖ ಒತ್ತಿಕೊಂಡು. "ವಾಪಸ್ ಹೋಗುವಾಗಲಾದ್ರೂ ಎ.ಸಿ. ಹಾಕಿ."