ಮೇಲಿನ ಮನೆಯ ಅಜ್ಜಿಯ ಅಡುಗೆಗೆ ನನ್ನ ಮೂಗು

ಹಿಟ್ಟು, ಮೊಸರು, ಕೊಡೆ ಕಡ ಕೇಳುವವರನ್ನು ನೀವೂ ಕಂಡಿರುತ್ತೀರಿ. ಮೂಗು ಕಡ ಕೇಳಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಜಪಾನಿನ ಗ್ಯೋಟೋಕುವಿನಲ್ಲಿ ನಮ್ಮ ಮೇಲಿನ ಮನೆಯ ಅಜ್ಜಿ. ಅದೂ ಯಾವುದಕ್ಕೆ? ದನದ ಮಾಂಸ ಬೇಯಿಸುವುದಕ್ಕೆ!

ನ್ಯೂಯಾರ್ಕಿನ ಯಹೂದಿ ಹೆಂಗಸು. ಇಂಗ್ಲಿಷ್ ಕಲಿಸಲು ಬಂದು ನಲವತ್ತು ವರ್ಷವಾದರೂ ಜಪಾನೀಯರ ಸಂಕೋಚ ಒಂದು ಚೂರೂ ಅಂಟಿರಲಿಲ್ಲ. ಒಂದೊಂದೇ ಬಾಳೆಹಣ್ಣಿಗೆ ಪ್ಲಾಸ್ಟಿಕ್ ಸುತ್ತಿದ್ದಾರೆಂದು ‘ಕೊಂಬಿನಿ’ ಅಂಗಡಿಯಲ್ಲಿ ಜಗಳವಾಡಿ, ಅಂಗಡಿಯವರಿಂದ ‘ಸುಮಿಮಾಸೆನ್’, ಅಂದರೆ ‘ಕ್ಷಮಿಸಿ’, ಹೇಳಿಸಿಕೊಂಡೇ ಹೊರಡುತ್ತಿದ್ದರು. ಅವರ ಶಾಸ್ತ್ರದ ಪ್ರಕಾರ ಹಾಲಿಗೊಂದು ಪಾತ್ರೆ, ಮಾಂಸಕ್ಕೊಂದು ಪಾತ್ರೆ. ಒಂದಕ್ಕೊಂದು ಸೋಕಿದರೆ ಪ್ರಳಯ. ನಮ್ಮಜ್ಜಿಯ ಮಡಿಯೇ ವಾಸಿ!

2021ರ ಮೇ ತಿಂಗಳಲ್ಲಿ ಮೈಸೂರಿನಲ್ಲಿ ಅಪ್ಪ ಕೊರೊನಾದಿಂದ ತೀರಿಕೊಂಡರು. ಹೋಗಲಾಗಲಿಲ್ಲ. ಚಿತೆಯನ್ನು ಫೋನಿನಲ್ಲಿ ನೋಡಿದೆ. ಆಕ್ಸಿಜನ್ ಎಷ್ಟಿತ್ತು, ಬೆಡ್ ಯಾಕೆ ಸಿಗಲಿಲ್ಲ ಎಂದು ಊರವರೆಲ್ಲ ಕೇಳಿದರು. ಈ ಅಜ್ಜಿ ಮೆಟ್ಟಿಲ ಮೇಲೆ ತಡೆದು ಕೇಳಿದ್ದೇನು ಗೊತ್ತೆ? ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ:

“ನಿಮ್ಮಪ್ಪ ಏನ್ ತಿಂತಿದ್ರು?”

ಮೈಯೆಲ್ಲ ಉರಿಯಿತು. “ಮಾಂಸ ತಿಂತಿರ್ಲಿಲ್ಲ, ಮೊಟ್ಟೆ ಇಲ್ಲ, ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಸಾಕಾ?” ಎಂದು ಬಾಗಿಲು ಹಾಕಿಕೊಂಡೆ.

ಆಗಸ್ಟಿನಲ್ಲಿ ಅವರಿಗೇ ಜ್ವರ ಬಂತು. ಆಸ್ಪತ್ರೆಗಳು ತುಂಬಿದ್ದವು. ಹತ್ತು ದಿನ ಅವರ ಬಾಗಿಲಿನ ಹಿಡಿಗೆ ಸಾರಿನ ಡಬ್ಬಿ ನೇತುಹಾಕಿ, ಒಳಗಿಂದ ಕೆಮ್ಮು ಕೇಳಿದ ಮೇಲೆ ಕೆಳಗಿಳಿಯುತ್ತಿದ್ದೆ. ಕೆಮ್ಮು ಕೇಳಿದರೆ ನೆಮ್ಮದಿಯಾಗುತ್ತಿದ್ದ ಕಾಲ ಅದು! ಅಜ್ಜಿ ಬದುಕಿದರು. ವಾಸನೆ, ರುಚಿ ಎರಡೂ ಹೋದವು.

ಸೆಪ್ಟೆಂಬರಿನಲ್ಲಿ ಅವರ ಹೊಸ ವರ್ಷ. ಹಬ್ಬದೂಟಕ್ಕೆ ದನದ ಎದೆಭಾಗದ ಮಾಂಸವನ್ನು ಈರುಳ್ಳಿಯೊಂದಿಗೆ ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೇಯಿಸಬೇಕು. ಪ್ರತಿವರ್ಷ ನ್ಯೂಯಾರ್ಕಿನಿಂದ ಅವರ ತಮ್ಮ ಫೋನಿನಲ್ಲಿ ಬೈಯುತ್ತಾ ಮಾಡಿಸುತ್ತಿದ್ದನಂತೆ. ಹಿಂದಿನ ವರ್ಷ ಇದೇ ರೋಗ ಅವನನ್ನು ಕೊಂಡೊಯ್ದಿತ್ತು. ಜಪಾನ್ ಬಿಟ್ಟರೆ ಮರಳಿ ಒಳಗೆ ಬಿಡುವುದಿಲ್ಲವೆಂದು ಅಜ್ಜಿ ಹೋಗಲಿಲ್ಲ. ಆ ಹಬ್ಬಕ್ಕೆ ಒಲೆಯನ್ನೂ ಹಚ್ಚಲಿಲ್ಲ.

“ಈ ಸಲ ಅವನ ತಟ್ಟೆಗೆ ಬಡಿಸ್ಲೇಬೇಕು, ಓಕುಸಾನ್,” ಎಂದರು. ಮದುವೆಯಾದ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ. “ಉಪ್ಪು ತಪ್ಪಿದ್ರೆ ಸತ್ತಮೇಲೂ ಬೈತಾನೆ! ನಿಮ್ಮ ಮೂಗು ಕಡ ಕೊಡಿ.”

“ತಿನ್ನದೆ ಇರೋಳು ನಾನು ಹೇಗೆ ಹೇಳ್ಲಿ?”

“ದೇವರಿಗೆ ರುಚಿ ನೋಡದೇನೇ ಅಡುಗೆ ಮಾಡ್ತೀವಿ ಅಂತ ಜಂಬ ಕೊಚ್ಚಿದ್ರಲ್ಲ?”

ಕೊಚ್ಚಿದ್ದು ನಿಜ. ನೈವೇದ್ಯಕ್ಕೆ ಮುಂಚೆ ನಾಲಗೆಗೆ ಮುಟ್ಟಿಸುವಂತಿಲ್ಲ; ಕುದಿಯುವ ಹಬೆಯಲ್ಲೇ ಉಪ್ಪಿನ ಹದ ತಿಳಿಯುವುದನ್ನು ನಮ್ಮಜ್ಜಿ ಕಲಿಸಿದ್ದರು. ಮೊಮ್ಮಗಳ ವಿದ್ಯೆ ಎಲ್ಲಿಗೆ ಬಂತು ನೋಡಿ!

ಮನೆಯಿಂದಲೇ ಶಿನಾಗಾವಾ ಆಫೀಸಿನ ಆನ್‌ಲೈನ್ ಮೀಟಿಂಗಿಗೆ ಮೇಲೆ ಶರ್ಟು, ಕೆಳಗೆ ಪಂಚೆಯಲ್ಲಿ ಕುಳಿತಿದ್ದ ಪತಿರಾಯರು ಮೈಕ್ ಮ್ಯೂಟ್ ಮಾಡಿದರು. “ಲೇ, ಬೀಫಿಗೆ ಉಪ್ಪು ನೋಡಕ್ಕೆ ಹೋಗ್ತಿದೀಯಾ? ಅಮ್ಮಂಗೆ ಮಾತ್ರ ಹೇಳ್ಬೇಡ ಕಣೆ!”

ಮೇಲೆ ಹೋದರೆ ಇನ್ನೊಂದು ವಿಚಿತ್ರ. ಅವರ ಶಾಸ್ತ್ರಕ್ಕೊಪ್ಪುವ ಮಾಂಸ ತರುವ ವಿಮಾನಗಳು ನಿಂತಿದ್ದವು. ಇಲ್ಲಿನ ಅಂಗಡಿಯವರು ಕಾಗದದಷ್ಟು ತೆಳ್ಳಗೆ ಕತ್ತರಿಸಿ ಮಾರುತ್ತಾರೆ. ಅಜ್ಜಿ ವಿಧಿಯಿಲ್ಲದೆ ಅದನ್ನೇ ಐದಾರು ಪ್ಯಾಕೆಟ್ ತಂದು, ಇಡೀ ತುಂಡಾಗಲೆಂದು ಒಂದರ ಮೇಲೊಂದು ಪೇರಿಸಿ, ದಾರದಿಂದ ಬಿಗಿದಿದ್ದರು. ಕತ್ತರಿಸಿದ ದನವನ್ನು ಮತ್ತೆ ಜೋಡಿಸುವವರನ್ನು ನಾನು ನೋಡಿದ್ದು ಅದೇ ಮೊದಲು!

ಮಾಸ್ಕ್ ಇಳಿಸಿ ಹಬೆಗೆ ಮುಖವೊಡ್ಡಿದೆ. ಮೂಗು ತನ್ನ ಕೆಲಸ ಮಾಡಿತು.

“ಇನ್ನೊಂದು ಚಿಟಿಕೆ,” ಎಂದೆ. ಹಾಕಿದರು. “ಇನ್ನೊಂದು.” ಹಾಕಿದರು. “ಸಾಕು.”

ಅಜ್ಜಿ ಮೂರು ತಟ್ಟೆ ಇಟ್ಟರು. ತಮಗೆ ಒಂದು. ತಮ್ಮನಿಗೆ ಒಂದು, ಅದಕ್ಕೆ ಮಾಂಸ ಬಡಿಸಿ, ಬೈಗುಳ ಬರುತ್ತದೇನೋ ಎಂಬಂತೆ ಸ್ವಲ್ಪ ಹೊತ್ತು ಕಾದರು. ಮೂರನೆಯದರಲ್ಲಿ ಬೇಯಿಸಿದ ಆಲೂಗಡ್ಡೆ, ಜೇನು ಸವರಿದ ಸೇಬು.

“ನಂಗೆ ಏನೂ ಬೇಡ ಅಂದಿದ್ನಲ್ಲ,” ಎಂದೆ.

“ನಿಮಗಲ್ಲ. ನಿಮ್ಮಪ್ಪನಿಗೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಪಾತ್ರೆ ಹೊಸದು.”

ಮೇ ತಿಂಗಳಿನಿಂದ ಬಾರದಿದ್ದ ಅಳು ಆಗ ಬಂತು. ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕದಲ್ಲಿ ಕುಳಿತೆ.