ನಾಟಕದ ಕಾಲೇಜಿನಲ್ಲಿ ನನ್ನ ಪಾತ್ರ

ಪರಭಾಷೆಯ ಊರಿನಲ್ಲಿ ಬದುಕುವವರಿಗಿರುವ ದೊಡ್ಡ ಸುಖ ಯಾವುದೆಂದು ಯಾರಾದರೂ ಕೇಳಿದರೆ, ಎದುರಿಗೆ ಕೂತವರನ್ನು ಎದುರಿಗೇ ಆಡಿಕೊಳ್ಳುವ ಸುಖ ಎಂದು ಸಂಕೋಚವಿಲ್ಲದೆ ಹೇಳಿಬಿಡುತ್ತೇನೆ. ನಾನು ತುಮಕೂರಿನಿಂದ ಕೊಯಮತ್ತೂರಿಗೆ ಸೊಸೆಯಾಗಿ ಬಂದವಳು. ಗಂಡನ ಮನೆಯವರು ತಲೆತಲಾಂತರದಿಂದ ಇಲ್ಲಿಯವರೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಂಗಡಿಗೆ ಹೋಗುವಾಗ ಮಾತ್ರ ಕನ್ನಡವನ್ನೂ ಚೀಲದ ಜೊತೆ ಒಯ್ಯುತ್ತೇವೆ. ಸೀರೆಯಂಗಡಿಯವರ ಮುಂದೆ ನಗುನಗುತ್ತಲೇ ಗಂಡನಿಗೆ "ಬಣ್ಣ ಬಿಡುತ್ತೆ, ಏಳಿ" ಎಂದು, ಅವರಿಗೆ ತಮಿಳಿನಲ್ಲಿ "ತುಂಬಾ ಚೆನ್ನಾಗಿದೆ, ಆಮೇಲೆ ಬರ್ತೀವಿ" ಎನ್ನುವುದು ನಮ್ಮ ಪದ್ಧತಿ. ಒಮ್ಮೆ ಮೆಟ್ಟುಪಾಳ್ಯಂನ ಮಂಡಿಯಲ್ಲಿ ಆಲೂಗಡ್ಡೆಯವರು, "ಕೊಳೆತಿಲ್ಲ ಅಮ್ಮಾ, ಮುಟ್ಟಿ ನೋಡಿ" ಎಂದು ನನಗಿಂತ ಚೆಂದದ ಕನ್ನಡದಲ್ಲಿ ಉತ್ತರ ಕೊಟ್ಟರು. ಆದರೂ ಚಟ ಬಿಡಲಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ನಮ್ಮ ಸಂಧ್ಯಾ ಪ್ಲಸ್ ಟೂ ಮುಗಿಸಿ, ನಾಟಕ ಓದುತ್ತೇನೆ ಎಂದಳು. ನಟಿಯಾಗುತ್ತೇನೆ ಎಂದಿದ್ದರೆ ಬೈಯಲು ಮಾತುಗಳು ಸಿದ್ಧವಾಗಿದ್ದವು. ಇವಳು ನಿರ್ದೇಶಕಿಯಾಗುತ್ತೇನೆ ಎಂದದ್ದರಿಂದ ಏನೆಂದು ಬೈಯಬೇಕೋ ತಿಳಿಯಲಿಲ್ಲ. ನನ್ನ ಗಂಡ ಪಂಪುಸೆಟ್ಟಿನ ಕಾರ್ಖಾನೆಯಲ್ಲಿ, ತಯಾರಾದ ಪಂಪು ನೀರೆತ್ತುತ್ತದೋ ಇಲ್ಲವೋ ನೋಡಿ ಹೊರಗೆ ಬಿಡುವ ಕೆಲಸದಲ್ಲಿದ್ದಾರೆ. ತಮಿಳು ಬೆರೆತ ಮನೆಗನ್ನಡದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ, ಮುಂದೆ ಕೆಲಸ ಸಿಕ್ಕುವ ಬಗ್ಗೆ. "ಓದಿ ಮುಗಿಸಿದ ಅಪ್ಪುರಂ ವೇಲೆ ಎಲ್ಲಿ ಸಿಕ್ಕುತ್ತೆ ಕಣ್ಣೂ?"

"ವೇಲೆ ನಾನೇ ಉಂಟುಮಾಡ್ಕೋಬೇಕು ಅಪ್ಪಾ" ಎಂದಳು. ಅವರು ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿಕೊಂಡರು.

ಮೊದಲು ನೋಡಿದ ಕಾಲೇಜು ನನಗೆ ಒಂದೇ ನೋಟಕ್ಕೆ ಹಿಡಿಸಿತು. ಹವಾನಿಯಂತ್ರಿತ ಸಭಾಂಗಣ, ಮೆತ್ತನೆಯ ಕುರ್ಚಿ, ಗುಂಡಿ ಒತ್ತಿದರೆ ತಾನೇ ಸರಿಯುವ ಪರದೆ. ನನ್ನ ಗಂಡ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ, ಮೋಟಾರಿನ ಸದ್ದು ಕೇಳಿ, ತಲೆದೂಗಿದರು. ಸಂಧ್ಯಾ ಮಾತ್ರ, ವಿದ್ಯಾರ್ಥಿಗಳು ಇಲ್ಲಿ ನಾಟಕ ಮಾಡಿಸುವುದು ಯಾವಾಗ ಎಂದು ಕೇಳಿದಳು. ತೋರಿಸುತ್ತಿದ್ದವರು ವಿವರಿಸಿದರು: ಘಟಿಕೋತ್ಸವ, ಸಂಸ್ಥಾಪಕರ ಹುಟ್ಟುಹಬ್ಬ, ಸಚಿವರ ಸನ್ಮಾನ ಇವೆಲ್ಲ ಮುಗಿದು, ವಾರಾಂತ್ಯದಲ್ಲಿ ಮದುವೆಯ ರಿಸೆಪ್ಷನ್ ಇಲ್ಲದಿದ್ದರೆ, ಕೊನೆಯ ವರ್ಷ ಒಂದು ನಾಟಕ. ಅಲ್ಲಿಯವರೆಗೆ ವಿದ್ಯಾರ್ಥಿಗಳು ಗಣ್ಯರಿಗೆ ಹೂವಿನ ತಟ್ಟೆ ಹಿಡಿದು ನಿಂತು ರಂಗಾನುಭವ ಪಡೆಯುತ್ತಾರಂತೆ. ಇವಳ ರಿಸೆಪ್ಷನ್ನಿಗೂ ಇದೇ ಆದೀತು ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

ಎರಡನೆಯದು ತುಡಿಯಲೂರು ದಾಟಿದ ಮೇಲೆ ಸಿಕ್ಕುವ ಒಂದು ಸಣ್ಣ ಕಾಲೇಜು. ನಾಟಕ ವಿಭಾಗವಿದ್ದದ್ದು ಹಳೆಯ ಗೋದಾಮಿನಲ್ಲಿ, ತಗಡಿನ ಸೂರಿನ ಕೆಳಗೆ. ಇಲ್ಲಿ ಮೊದಲ ವರ್ಷದಿಂದಲೇ ಪ್ರತಿಯೊಬ್ಬರೂ ನಾಟಕ ಮಾಡಿಸಬೇಕು, ಕೆಟ್ಟರೆ ಯಾಕೆ ಕೆಟ್ಟಿತೆಂದು ಎಲ್ಲರೆದುರು ಹೇಳಬೇಕು. ಸಂಧ್ಯಾಳ ಕಣ್ಣು ಅರಳಿದ್ದು ಕಂಡು, ಇಲ್ಲಿಂದ ಬೇಗ ಹೊರಡಿಸಬೇಕು ಎಂದುಕೊಂಡೆ. ವಿಭಾಗದ ಮುಖ್ಯಸ್ಥೆ, ಮಾಸಿದ ಹತ್ತಿ ಸೀರೆಯವರು, "ವಾಂಗ, ಉಕ್ಕಾರುಂಗ" ಎಂದು ಕೂರಿಸಿದರು. ನಾನು ಅವರತ್ತ ಮುಗುಳ್ನಗುತ್ತಲೇ ಗಂಡನಿಗೆ ಕನ್ನಡದಲ್ಲಿ ಹೇಳಿದೆ: "ಮಳೆ ಬಂದ್ರೆ ಈ ಸೂರಿನ ಕೆಳಗೆ ಒಂದು ಮಾತೂ ಕೇಳ್ಸಲ್ಲ. ಈಯಮ್ಮನ್ನ ನೋಡಿದ್ರೆ ಸಂಬಳ ಕಂಡು ವರ್ಷ ಆದ ಹಾಗಿದೆ. ಯೋಚ್ನೆ ಮಾಡ್ತೀವಿ ಅಂದ್ಬಿಟ್ಟು ಏಳಿ."

"ಇರು ಮಾ, ಕಾಪಿ ತರಿಸ್ತಿದಾರೆ. ಕುಡಿದೇ ಹೋಗಣ" ಎಂದರು ನನ್ನ ಗಂಡ.

ಮುಖ್ಯಸ್ಥೆ ನಮ್ಮಿಬ್ಬರನ್ನೂ ನೋಡಿ, ಸಂಧ್ಯಾಳ ಕಡೆ ತಿರುಗಿ ತಮಿಳಿನಲ್ಲಿ ಹೇಳಿದರು: "ಇದೇ ನಿನ್ನ ಪ್ರವೇಶ ಪರೀಕ್ಷೆ. ಈಗ ಇಲ್ಲಿ ನಡೆದದ್ದನ್ನು ನಾಟಕ ಮಾಡಿಸು. ನಿಮ್ಮ ಭಾಷೆ ನನಗೆ ಬರುವುದಿಲ್ಲ, ಆದರೆ ಏನೋ ನಡೆಯಿತು. ಅದು ನನಗೆ ತಿಳಿಯುವಂತೆ ಮಾಡಿಸಿದರೆ ಸೀಟು."

ಸಂಧ್ಯಾ ನನ್ನನ್ನು ನೋಡಿದಳು. ಮುಚ್ಚಿಟ್ಟರೆ ಸೀಟು ಹೋಗುತ್ತದೆ, ಬಿಚ್ಚಿಟ್ಟರೆ ಅಮ್ಮನ ಮಾನ ಹೋಗುತ್ತದೆ. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ನಾನು ಕಣ್ಣು ಬಿಟ್ಟರೆ ಇಡೀ ತರಗತಿ ಉಸಿರು ಹಿಡಿಯುತ್ತದೆ. ಆ ಕಣ್ಣನ್ನೇ ಬಿಟ್ಟೆ. ಅವಳು ನನ್ನ ಕುರ್ಚಿಯನ್ನು ಸ್ವಲ್ಪ ಓರೆಯಾಗಿ ತಿರುಗಿಸಿ, "ಅಮ್ಮಾ, ಸ್ಟಾರ್ಟ್ ಮಾಡು. ತಮಿಳಲ್ಲೇ ಹೇಳು" ಎಂದಳು.

ನಾನು ಜೇನಿನಲ್ಲಿ ಅದ್ದಿದ ಧ್ವನಿಯಲ್ಲಿ, ಜಾಗ ಚಿಕ್ಕದಾದರೂ ಗಾಳಿ ಚೆನ್ನಾಗಿದೆ ಎಂದೆ. "ನೀನು ಹಂಗೆ ಹೇಳ್ಲಿಲ್ಲ ಅಮ್ಮಾ." ಎರಡನೆಯ ಸಲ ಸೂರನ್ನು ಒಪ್ಪಿಕೊಂಡು ಸಂಬಳವನ್ನು ನುಂಗಿದೆ. "ಸರಿ, ನೀನು ಎದ್ದು ಅಲ್ಲಿ ಕೂತ್ಕೋ" ಎಂದು, ಬಾಗಿಲ ಬಳಿಯಿದ್ದ ಒಬ್ಬ ವಿದ್ಯಾರ್ಥಿನಿಯನ್ನು ಕರೆದು ಕಿವಿಯಲ್ಲಿ ಏನೋ ಹೇಳಿ ನನ್ನ ಕುರ್ಚಿಯಲ್ಲಿ ಕೂರಿಸಿದಳು. ನನ್ನ ಪಾತ್ರದಿಂದ ನನ್ನನ್ನೇ ತೆಗೆದುಹಾಕಲಾಯಿತು. ನನ್ನ ಗಂಡನನ್ನು ಮಾತ್ರ ತೆಗೆಯಲಿಲ್ಲ. ಕಾಪಿ ಕುಡಿಯುವುದನ್ನು ಅವರು ಬಹಳ ಸಹಜವಾಗಿ ಅಭಿನಯಿಸುತ್ತಿದ್ದರಂತೆ.

ಆ ಹುಡುಗಿ ನಕ್ಕಳು, ನಗುತ್ತಲೇ ಸೂರನ್ನು ಆಡಿಕೊಂಡಳು, ಸಂಬಳದ ಮಾತು ಆಡಿದಳು. ಮುಖ್ಯಸ್ಥೆ ಗಹಗಹಿಸಿ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ಹೊತ್ತೂ ಆ ಹುಡುಗಿ ತೊಡೆಯ ಮೇಲಿಟ್ಟುಕೊಂಡ ತನ್ನ ಬ್ಯಾಗನ್ನು, ಯಾರೋ ಕಿತ್ತುಕೊಳ್ಳುತ್ತಾರೇನೋ ಎಂಬಂತೆ ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡಿದ್ದಳು. ಇದೇನು ಅತಿ ಎಂದುಕೊಂಡು ತಲೆ ತಗ್ಗಿಸಿದರೆ, ನನ್ನ ಬ್ಯಾಗೂ ಹಾಗೆಯೇ ಇತ್ತು.

ಸೀಟು ಸಿಕ್ಕಿತು. ಸಂಬಳದ ಬಗ್ಗೆ ನನ್ನ ಅಂದಾಜು ಬಹುಮಟ್ಟಿಗೆ ಸರಿಯೆಂದು ಮುಖ್ಯಸ್ಥೆಯೇ ಹೇಳಿ ನಮ್ಮನ್ನು ಬೀಳ್ಕೊಟ್ಟರು. ಕಾರಿನಲ್ಲಿ ನಾನು ತಡೆಯಲಾರದೆ, "ನನ್ನನ್ನ ಯಾಕೆ ತೆಗೆದೆ?" ಎಂದೆ.

"ನೀನು ನನ್ನ ಒಳ್ಳೇದಕ್ಕೇ ಹೇಳ್ತಿರೋಳ ಥರ ಮಾಡ್ತಿದ್ದೆ ಅಮ್ಮಾ. ನಿಜವಾಗ್ಲೂ ನಿಂಗೆ ಭಯ ಆಗಿತ್ತು, ನಾನು ಹೋಗ್ಬಿಡ್ತೀನಿ ಅಂತ. ಅದನ್ನೇ ಮಾಡ್ಲಿಲ್ಲ."

ಗಂಡ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿ, ನಿದ್ದೆ ಬಂದವಳಂತೆ ಕಿಟಕಿಗೆ ತಲೆ ಆನಿಸಿದೆ. ಮನೆ ಬರುವವರೆಗೂ ಯಾರೂ ಮಾತಾಡಿಸಲಿಲ್ಲ. ಈ ಪಾತ್ರವನ್ನಾದರೂ ಚೆನ್ನಾಗಿ ನಿಭಾಯಿಸಿದೆ ಎಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಕಾರಿನಿಂದ ಇಳಿಯುವಾಗ ಸಂಧ್ಯಾ ನನ್ನ ಬ್ಯಾಗು ತೆಗೆದುಕೊಂಡು, "ರೆಪ್ಪೆ ಅಲ್ಲಾಡ್ತಿತ್ತು" ಎಂದಳು.