ಎರಡು ಸೀಟಿನ ಗಾಡಿ

ಮನೆಯಲ್ಲಿ ಕೆಲಸಕ್ಕೆ ಬಾರದ ವಸ್ತುವೊಂದನ್ನು ಇಟ್ಟುಕೊಂಡ ಗಂಡಸು ಅದನ್ನು ಸಮರ್ಥಿಸಿಕೊಳ್ಳುವುದರಲ್ಲೇ ಅರ್ಧ ಆಯುಷ್ಯ ಸವೆಸುತ್ತಾನೆ. ಕೆಲವರ ಮನೆಯಲ್ಲಿ ಅದು ಹಾರ್ಮೋನಿಯಂ, ಕೆಲವರಲ್ಲಿ ವ್ಯಾಯಾಮದ ಸೈಕಲ್ಲು. ನನ್ನದು ಒಂದು ಹಳೆಯ ಸ್ಪೋರ್ಟ್ಸ್ ಕಾರು. ಚಾಮರಾಜನಗರದ ನಮ್ಮ ಬೀದಿಯಲ್ಲಿ ದಾರಿ ಹೇಳುವವರು ‘ಆ ಓಡದ ಕೆಂಪು ಕಾರಿನ ಮನೆ ಪಕ್ಕ’ ಅನ್ನುತ್ತಾರೆ. ಇಷ್ಟು ವರ್ಷ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಾನು ಗಳಿಸದ ಹೆಸರನ್ನು ಅದು ನಿಂತಲ್ಲೇ ನಿಂತು ಗಳಿಸಿದೆ.

ಗುಂಡ್ಲುಪೇಟೆಯಾಚೆ ಊಟಿ ರಸ್ತೆಯಲ್ಲಿ ರೆಸಾರ್ಟ್ ನಡೆಸುತ್ತಿದ್ದ ಒಬ್ಬರು ಬಾಗಿಲು ಹಾಕಿಕೊಂಡು ಹೊರಟಾಗ ಅಗ್ಗಕ್ಕೆ ಬಿಟ್ಟುಕೊಟ್ಟ ಗಾಡಿ ಅದು. ನೆಲಕ್ಕೆ ಅಂಟಿಕೊಂಡಂತಿದೆ. ಹತ್ತುವ ಮುಂಚೆ ಮೊದಲು ತಲೆ ತೂರಿಸಬೇಕೋ ಕಾಲು ತೂರಿಸಬೇಕೋ ಎಂದು ತೀರ್ಮಾನಿಸಿಕೊಳ್ಳಬೇಕು. ಇರುವುದು ಎರಡೇ ಸೀಟು. ಮನೆಗೆ ತಂದ ದಿನ ಅವ್ವ ಅದನ್ನೊಂದು ಸುತ್ತು ಬಂದು, ಬಗ್ಗಿ ಒಳಗೆ ನೋಡಿ, “ಇಬ್ರೇ ಕೂತ್ಕಳಕೆ ಗಾಡಿ ಮಾಡವ್ನಲ್ಲ, ಅವ್ನಿಗೆ ಅವ್ವ ಇರ್ನಿಲ್ವಾ ಮೊಗ?” ಅಂದಳು. ಮನೆಯಲ್ಲಿರುವವರು ಮೂವರು: ಅವ್ವ, ನನ್ನ ಹೆಂಡತಿ ನಾಗಮಣಿ ಮತ್ತು ನಾನು. ಯಾರನ್ನು ಬಿಟ್ಟು ಹೋಗುವುದು ಎಂಬುದು ಬಗೆಹರಿಯುವ ಮೊದಲೇ ಗಾಡಿ ಕೆಟ್ಟು ನಿಂತಿತು. ಒಳಗೊಳಗೇ ನನಗೆ ನೆಮ್ಮದಿಯಾಯಿತು. ಅಂದಿನಿಂದ ಅದರ ಬಾನೆಟ್ಟಿನ ಮೇಲೆ ಹುರುಳಿ, ಹಪ್ಪಳ, ಅರಿಸಿನದ ಕೊಂಬು ಒಣಗುತ್ತ ಬಂದಿವೆ.

ಓಡದಿದ್ದರೂ ಪ್ರತಿ ಆಯುಧಪೂಜೆಗೆ ಅದಕ್ಕೆ ಕುಂಕುಮ, ಹೂವು, ಚಕ್ರದ ಮುಂದೆ ನಿಂಬೆಹಣ್ಣು ತಪ್ಪುತ್ತಿರಲಿಲ್ಲ. ಬೀದಿಯ ಬೈಕು, ಆಟೋಗಳೆಲ್ಲ ತಮ್ಮ ನಿಂಬೆಹಣ್ಣನ್ನು ಚಚ್ಚಿಕೊಂಡು ಹೊರಟರೆ ನಮ್ಮದು ಹಾಗೇ ಉಳಿಯುತ್ತಿತ್ತು. ಈ ವರ್ಷ ಹಬ್ಬ ಹತ್ತಿರ ಬಂದಾಗ ಕಸ ಗುಡಿಸುತ್ತಿದ್ದ ನಾಗಮಣಿ ಕರ್ರಗೆ ಒಣಗಿದ ಕಾಯೊಂದನ್ನು ನನ್ನೆದುರು ಹಿಡಿದಳು. “ಓದ್ವರ್ಸದ ನಿಂಬೆಅಣ್ಣು ಕಣ್ರೀ ಇದು. ಈ ಸಲ ಪೂಜೆ ದಿನ ಗಾಡಿಯ ನಿಂಬೆಅಣ್ಣಿನ ಮ್ಯಾಲೆ ಅತ್ತಿಸ್ನಿಲ್ಲ ಅಂದ್ರೆ ಗುಜರಿಯವ್ರಿಗೆ ಕೊಟ್ಬುಡ್ತೀನಿ. ನಂಗೆ ಬಟ್ಟೆ ಒಗಿಯೋ ಕಲ್ಲಾಕಕೆ ಜಾಗ ಬೇಕು.” ಭೀಮನಬೀಡು ಹಳ್ಳಿಯ ಹೆಣ್ಣು, ಹೇಳಿದ್ದನ್ನು ಮಾಡುವವಳು. ನಿಜ ಹೇಳಬೇಕೆಂದರೆ ಆ ಗಾಡಿಯ ಮೇಲೆ ನನಗೆ ತುಂಬ ಆಸೆ. ಬದುಕಿನಲ್ಲಿ ಯಾವ ಅಗತ್ಯವೂ ಇಲ್ಲದೆ ನಾನು ಕೊಂಡದ್ದು ಅದೊಂದನ್ನೇ.

ಮೆಕ್ಯಾನಿಕ್ಕುಗಳು ಗಾಡಿಯನ್ನು ನೋಡಿ, ನನ್ನನ್ನು ನೋಡಿ, ಮೈಸೂರಿಗೆ ಒಯ್ಯಿರಿ ಅಂದರು. ಓಡದ ಗಾಡಿಯನ್ನು ಮೈಸೂರಿಗೆ ಒಯ್ಯುವುದು ಹೇಗೆಂದು ಯಾರೂ ಹೇಳಲಿಲ್ಲ. ಕೊನೆಗೆ ಫೋನಿನಲ್ಲಿ ವಿಡಿಯೋ ನೋಡಿಕೊಂಡು ನಾನೇ ಟ್ಯೂನಿಂಗಿಗೆ ಇಳಿದೆ. ವಿಡಿಯೋದ ಮನುಷ್ಯ ಬೋಲ್ಟುಗಳನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸುತ್ತಿದ್ದ. ನನ್ನವು ಒಂದೊಂದಕ್ಕೂ ಒಂದು ಸಂಜೆ ಕೇಳಿದವು. ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ಒಂದು ಪಾವು ಹುರುಳಿ! ಬಾನೆಟ್ಟಿನ ಮೇಲೆ ಒಣಗಿಸಿದ್ದನ್ನು ಇಲಿ ಕೆಳಗೆ ದಾಸ್ತಾನು ಮಾಡಿತ್ತು. ಕಾರ್ಬೊರೇಟರ್ ತೊಳೆದೆ, ಆಯಿಲ್ ಬದಲಿಸಿದೆ, ಬ್ಯಾಟರಿಗೆ ಚಾರ್ಜ್ ಹಾಕಿಸಿದೆ, ಸೈಕಲ್ ಪಂಪಿನಲ್ಲಿ ಚಕ್ರಗಳಿಗೆ ಗಾಳಿ ಹೊಡೆದು ತೋಳು ಬಿದ್ದುಹೋದವು. ಸೊಂಟ ನೆಟ್ಟಗಾಗದೆ ಕಚೇರಿಯಲ್ಲಿ ಬಗ್ಗಿಯೇ ಓಡಾಡಿದೆ. ನನಗೆ ವಿನಯ ಬಂದಿದೆ ಎಂದು ಸಾಹೇಬರು ಸಂತೋಷಪಟ್ಟರು.

ಪೂಜೆಯ ದಿನ ಬೆಳಿಗ್ಗೆ ಉಳಿದದ್ದು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳು ಮಾತ್ರ. ನಾಲ್ಕರಲ್ಲಿ ಮೂರನ್ನು ಕೂರಿಸಿ, ನಾಲ್ಕನೆಯದರ ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನೂ ಸ್ಪ್ಯಾನರುಗಳನ್ನೂ ಪೇಪರಿನ ಮೇಲೆ ಜೋಡಿಸಿದ್ದೆ. ಅಷ್ಟರಲ್ಲಿ ಅವ್ವ, “ಮೊದ್ಲು ಮಿಂದು ಬಾ ಮೊಗ,” ಎಂದು ಬಚ್ಚಲಿಗೆ ಅಟ್ಟಿದಳು. ಬಿಸಿನೀರು ಬೆನ್ನಿಗೆ ಬಿದ್ದದ್ದೇ ಸುಖವೆನಿಸಿ ಕೊಂಚ ಹೆಚ್ಚು ಹೊತ್ತೇ ನಿಂತುಬಿಟ್ಟೆ.

ಬಂದು ನೋಡಿದರೆ ಪೇಪರು ಖಾಲಿ. ದೇವರ ಮುಂದಿನ ಮಣೆಯ ಮೇಲೆ ಕುಡುಗೋಲು, ಈಳಿಗೆ ಮಣೆ, ಕತ್ತರಿ. ಅವುಗಳ ನಡುವೆ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ನನ್ನ ಸ್ಪ್ಯಾನರುಗಳು ಮಲಗಿದ್ದವು. ಪಕ್ಕದಲ್ಲಿ ನಾಲ್ಕನೆಯ ಪ್ಲಗ್ಗು. ಮಂಗಳಾರತಿಯೂ ಆಗಿಹೋಗಿತ್ತು.

“ಅವ್ವಾ, ಒಂದೇ ಒಂದು ಪ್ಲಗ್ ಬಾಕಿ ಅದೆ, ಕೊಟ್ಬುಡವ್ವ,” ಅಂದೆ.

“ಯಾನ್ ಮಾತಾಡೀಯೆ ನೀನು! ಪೂಜೆಗಿಟ್ಟ ಆಯ್ದವ ನಾಳೆಗಂಟ ಮುಟ್ಟಂಗಿಲ್ಲ.”

“ಗಾಡೀನೂ ಆಯುಧಾನೇ ಅಲ್ವಾ? ಅದು ಇವತ್ತೇ ಓಡ್ಬೇಕಲ್ಲ?”

“ಓಡ್ಲಿ. ಬ್ಯಾಡ ಅಂದೋರ್ಯಾರು?”

ನಾಗಮಣಿಯ ಕಡೆ ತಿರುಗಿದೆ. ಅವಳು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಸೊಂಟಕ್ಕೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು. ಗುಜರಿಯವರ ಕಬ್ಬಿಣದ ರಾಶಿಯಲ್ಲಿ ಕೆಂಪು ಬಾಗಿಲೊಂದು ನನ್ನ ಕಣ್ಣಿಗೆ ಕಟ್ಟಿತು. ಅವಳ ಷರತ್ತು ಬೀದಿಗೆಲ್ಲ ಗೊತ್ತಿತ್ತು. ಆಗ ಎದುರುಮನೆಯ ಮಾದಪ್ಪ ತನ್ನ ಬೈಕಿನ ಪೂಜೆ ಮುಗಿಸಿ ಬಂದವನು, “ಸಾ, ಅತ್ತಿಸ್ಬೇಕು ಅಂದ್ರಲ್ವಾ ಅವ್ರು? ಇಂಜಿನ್ ಆನಾಗ್ಬೇಕು ಅಂತ ಅನ್ನಿಲ್ವಲ್ಲ. ನೂಕ್ಬುಡನ ಬುಡಿ,” ಅಂದ.

ನೂಕುವುದಕ್ಕೆ ಮಾದಪ್ಪ ಒಬ್ಬ ಸಾಲದು, ನಾನೂ ಬೇಕು. ಸ್ಟೇರಿಂಗಿಗೆ ನಾಗಮಣಿ ಕೂತಳು. ಪಕ್ಕದ ಸೀಟು ಖಾಲಿಯಿತ್ತು. ಅವ್ವ ಮಡಿಲಲ್ಲಿ ಹೂವಿನ ತಟ್ಟೆ ಹಿಡಿದು, ಮೊದಲು ತಲೆ ತೂರಿಸಿ ಕೂತೇಬಿಟ್ಟಳು. ನಾವು ಹೆಗಲು ಕೊಟ್ಟೆವು. ನಿಂಬೆಹಣ್ಣುಗಳು ಫಟ್ಟೆಂದು ಒಡೆದವು. ಗಾಡಿ ಬೀದಿಗಿಳಿದು ಬಾವಿಕಟ್ಟೆಯವರೆಗೂ ಹೋಯಿತು. ಅತ್ತೆ ಸೊಸೆ ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅವತ್ತೂ ನೋಡಲಿಲ್ಲ, ನನ್ನ ಮುಖ ಡಿಕ್ಕಿಗೆ ಒತ್ತಿಕೊಂಡಿತ್ತು. ಕೇಳಿಸಿತು ಅಷ್ಟೆ. ಇಳಿದ ಮೇಲೆ ನಾಗಮಣಿ, “ಇರ್ಲಿ ಬುಡಿ, ಒಗಿಯೋ ಕಲ್ಲ ಇತ್ಲಲ್ಲೇ ಆಕ್ಸಿದ್ರಾಯ್ತು,” ಅಂದಳು.

ಮರುದಿನ ಅವ್ವ ಮತ್ತೊಮ್ಮೆ ಪೂಜೆ ಮಾಡಿ ಸ್ಪ್ಯಾನರು ಕೊಟ್ಟಳು. ಪ್ಲಗ್ಗು ಕೂರಿಸಿ, ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದೆ. ಕೆಮ್ಮಿತು, ಹೊಗೆ ಉಗಿಯಿತು, ಆಮೇಲೆ ಇಡೀ ಬೀದಿ ಬಾಗಿಲಿಗೆ ಬರುವಂತೆ ಗರ್ಜಿಸಿತು. ನನ್ನ ಕಣ್ಣು ತುಂಬಿ ಬಂತು. ನೋಡಿದರೆ ಅತ್ತೆ ಸೊಸೆ ಆಗಲೇ ನೆನ್ನೆಯ ಜಾಗಗಳಲ್ಲಿ ಕೂತಿದ್ದಾರೆ. ಅವ್ವ ಕಿವಿ ಮುಚ್ಚಿಕೊಂಡಿದ್ದಳು.

“ನೆನ್ನೆನೇ ಚೆಂದಾಗಿತ್ತು ಕಣ್ ಮೊಗ. ಸದ್ದೇ ಇರ್ನಿಲ್ಲ.”

“ಊಂ ಕಣ್ರೀ, ಒಗೇನೂ ಇರ್ನಿಲ್ಲ,” ಅಂದಳು ನಾಗಮಣಿ.

ಇಬ್ಬರೂ ಇಳಿಯುವ ಲಕ್ಷಣ ಕಾಣಲಿಲ್ಲ. ಗಾಡಿಗಿರುವುದು ಎರಡೇ ಸೀಟು. ನಾನು ಇಂಜಿನ್ ಆರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ, ಮಾದಪ್ಪನನ್ನು ಕೂಗುತ್ತ ಗಾಡಿಯ ಹಿಂದಕ್ಕೆ ಹೋದೆ.